ನಿಮ್ಮ ಪ್ರಶ್ನೆ, ನಮ್ಮ ಉತ್ತರ: ನಮ್ಮೂರಲ್ಲಿ ಗಾಡಿ ಚಾರ್ಜ್ ಮಾಡೋದು ಎಲ್ಲಿ?

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಿದ್ಯುತ್ ವಾಹನಗಳ ಚಾರ್ಜಿಂಗ್ ಬಗ್ಗೆಯೇ ಇದ್ದವು. ಒಂದೇ ಧಾಟಿಯವನ್ನು ಒಟ್ಟಿಗೆ ಸೇರಿಸಿದ್ದೇವೆ. ಹೆಸರು ಬೇಡವೆಂದು ಹಲವರು ಕೇಳಿದ್ದರಿಂದ ಎಲ್ಲರದೂ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಆ್ಯಪ್ ತೆಗೆದರೆ ನಮ್ಮ ಊರಲ್ಲೂ ಸುತ್ತಮುತ್ತಲೂ ಚಾರ್ಜರ್ ಇವೆ ಅಂತ ಹಸಿರು ಚುಕ್ಕೆ ಕಾಣುತ್ತವೆ. ಅಲ್ಲಿಗೆ ಹೋದರೆ ಮಷೀನ್ ಸತ್ತಿರುತ್ತೆ. ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ ಸಾರ್? (ವಿದ್ಯಾನಗರ, ದಾವಣಗೆರೆ)

ನಕ್ಷೆಯ ಚುಕ್ಕೆಯಿಂದ ತಿಳಿಯುವುದು ಅಲ್ಲೊಂದು ಚಾರ್ಜರ್ ಕೂರಿಸಿದ್ದಾರೆ ಎಂಬುದಷ್ಟೇ. ಅದು ಇವತ್ತು ನಡೆಯುತ್ತಿದೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು. ನಂಬಬಹುದಾದ ಸಾಕ್ಷಿ, ಕೊನೆಯದಾಗಿ ಅಲ್ಲಿ ಯಾರು ಯಾವತ್ತು ಚಾರ್ಜ್ ಮಾಡಿಕೊಂಡರು ಎಂಬುದು. ಪ್ಲಗ್‌ಶೇರ್‌ನಂಥ ಆ್ಯಪ್‌ಗಳಲ್ಲಿ ಬಳಕೆದಾರರೇ ದಿನಾಂಕ ಸಮೇತ ಬರೆದಿರುತ್ತಾರೆ. ಈ ವಾರದಲ್ಲಿ ಒಬ್ಬರಾದರೂ ಚಾರ್ಜ್ ಆಯಿತೆಂದು ಬರೆದಿದ್ದರೆ ಹೊರಡಿ. ಎರಡು ತಿಂಗಳಿಂದ ಯಾರೂ ಬರೆದಿಲ್ಲವೆಂದರೆ ಆ ಚಾರ್ಜರ್ ಇಲ್ಲವೆಂದೇ ಲೆಕ್ಕ ಹಿಡಿಯಿರಿ. ಆಮೇಲೆ ಆ ಚಾರ್ಜರ್ ನಡೆಸುವ ಕಂಪನಿಯ ಸ್ವಂತ ಆ್ಯಪ್ ತೆಗೆದು ಸ್ಥಿತಿ ನೋಡಿ. ಬೆಸ್ಕಾಂ ಕೇಂದ್ರಗಳಿಗೆ ‘ಇವಿ ಮಿತ್ರ’ ಆ್ಯಪ್ ಇದೆ. ‘ಆಫ್‌ಲೈನ್’ ಎಂದಿದ್ದರೆ ಮಷೀನ್ ಕೆಟ್ಟಿದೆ ಎಂದೇ ಅರ್ಥವಲ್ಲ. ಚಾರ್ಜರ್‌ನೊಳಗಿನ ಸಿಮ್‌ಗೆ ಸಿಗ್ನಲ್ ಸಿಗದಿದ್ದರೂ ಹಾಗೇ ತೋರಿಸುತ್ತದೆ. ಅಂಥ ಕಡೆ ಮಷೀನ್ ಚೆನ್ನಾಗಿದ್ದರೂ ಹಣ ಕಟ್ಟಿ ಶುರು ಮಾಡಲಾಗದು. ಆದ್ದರಿಂದ ಆ ಬಂಕ್‌ಗೋ ಹೋಟೆಲ್‌ಗೋ ಒಂದು ಫೋನ್ ಮಾಡಿ, “ಇವತ್ತು ಯಾವುದಾದರೂ ಕಾರು ಚಾರ್ಜ್ ಆಯ್ತಾ?” ಎಂದು ಕೇಳುವುದು ಒಳ್ಳೆಯದು. “ಮಷೀನ್ ಸರಿ ಇದೆಯಾ?” ಎಂದು ಕೇಳಿದರೆ ಸುಮ್ಮನೆ “ಇದೆ” ಎನ್ನುತ್ತಾರೆ.

ಹಣದ ವಿಷಯವನ್ನೂ ಮನೆಯಲ್ಲೇ ಮುಗಿಸಿಕೊಳ್ಳಿ. ಬಹುತೇಕ ಆ್ಯಪ್‌ಗಳು ವಾಲೆಟ್‌ಗೆ ಮೊದಲೇ ಹಣ ಕೇಳುತ್ತವೆ, ಒಟಿಪಿ ಕೇಳುತ್ತವೆ. ನೆಟ್‌ವರ್ಕ್ ಬಾರದ ಜಾಗದಲ್ಲಿ ನಿಂತು ಆ್ಯಪ್ ಡೌನ್‌ಲೋಡ್ ಮಾಡುವ ಪಾಡು ಬೇಡ.

ಅಲ್ಲಿಗೆ ಹೋದ ಮೇಲೆ ಮಷೀನ್ ಸತ್ತಂತೆ ಕಂಡರೆ, ವಾಪಸ್ ಹೊರಡುವ ಮೊದಲು ಅದರ ಮೈಮೇಲಿರುವ ಕೆಂಪು ಗುಂಡಿ ನೋಡಿ. ತುರ್ತಾಗಿ ನಿಲ್ಲಿಸಲು ಇಟ್ಟಿರುವ, ಅಣಬೆಯಾಕಾರದ ಗುಂಡಿ ಅದು. ಮಕ್ಕಳೋ ದಾರಿಹೋಕರೋ ಒತ್ತಿದರೆ ಒಳಗೇ ಕಚ್ಚಿಕೊಳ್ಳುತ್ತದೆ, ಮಷೀನ್ ಪೂರ್ತಿ ನಿಂತುಬಿಡುತ್ತದೆ. ಸುಟ್ಟ ವಾಸನೆ, ಕಿತ್ತ ವೈರ್, ಒಳಗೆ ನೀರು ನುಗ್ಗಿದ ಗುರುತು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಲ್ಲಿನ ಸಿಬ್ಬಂದಿಗೆ ಹೇಳಿ, ಗುಂಡಿಯನ್ನು ಬಾಣದ ಗುರುತಿನ ಕಡೆಗೆ ತಿರುಗಿಸಿದರೆ ಹೊರಗೆ ಚಿಮ್ಮುತ್ತದೆ. ಒಂದೆರಡು ನಿಮಿಷದಲ್ಲಿ ಪರದೆ ಬೆಳಗುತ್ತದೆ. ಕೆಟ್ಟಿದೆ ಎನಿಸಿಕೊಂಡ ಎಷ್ಟೋ ಚಾರ್ಜರ್‌ಗಳಿಗೆ ಬಂದಿರುವ ರೋಗ ಇಷ್ಟೇ.

ಪರದೆ ಬೆಳಗಿದ್ದೂ ಚಾರ್ಜ್ ಶುರುವಾಗದಿದ್ದರೆ ಗನ್ (ಕಾರಿಗೆ ಸಿಕ್ಕಿಸುವ, ಕೇಬಲ್ ತುದಿಯ ಹಿಡಿ) ಕೂತಿರುವ ರೀತಿ ನೋಡಿ. ಡಿಸಿ (ಫಾಸ್ಟ್ ಚಾರ್ಜಿಂಗ್) ಕೇಬಲ್ ಭಾರ. ಕೈ ಬಿಟ್ಟರೆ ಅದರ ತೂಕಕ್ಕೇ ಗನ್ ಕೆಳಗೆ ಜಗ್ಗಿ, ಒಳಗಿನ ಸಣ್ಣ ಸಂಪರ್ಕ ಪಿನ್ನುಗಳು ಪೂರ್ತಿ ಕೂರುವುದಿಲ್ಲ. ಕಾರಿಗೂ ಚಾರ್ಜರ್‌ಗೂ ಮಾತುಕತೆ ನಡೆಯುವುದು ಆ ಪಿನ್ನಿನ ಮೂಲಕ. ಒಂದು ಕೈಯಲ್ಲಿ ಕೇಬಲ್ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗನ್ ನೇರವಾಗಿ ಒತ್ತಿ, ಲಾಕ್ ಬೀಳುವ ‘ಟಕ್’ ಸದ್ದು ಕೇಳುವ ತನಕ ಹಿಡಿದಿರಿ. ಆಗಲೂ ಆಗದಿದ್ದರೆ ಇನ್ನೊಂದು ಗನ್ ಪ್ರಯತ್ನಿಸಿ. ಅದಕ್ಕೂ ಆಗದಿದ್ದರೆ ಮಷೀನ್ ಮೇಲೆ ಬರೆದಿರುವ ಚಾರ್ಜರ್ ಸಂಖ್ಯೆಯನ್ನು ಸಹಾಯವಾಣಿಗೆ ಹೇಳಿ. ದೂರದಿಂದಲೇ ರೀಸ್ಟಾರ್ಟ್ ಮಾಡಲು ಅವರಿಗೆ ಆಗುತ್ತದೆ, ಕೇಳಿದರೆ ಮಾಡುತ್ತಾರೆ. ಬೆಸ್ಕಾಂ ಕೇಂದ್ರವಾದರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: 30 ಯೂನಿಟ್ ಬ್ಯಾಟರಿಯ ಕಾರು ತಗೊಂಡಿದ್ದೇವೆ. ಬೆಂಗಳೂರಿಂದ ದಾವಣಗೆರೆಗೆ ಬರುವಾಗ ಎಲ್ಲಿ ನಿಲ್ಲಿಸಬೇಕು? ಹಿರಿಯೂರು ಸರಿಯಾಗಿ ನಡುವೆ ಬರುತ್ತೆ ಅಂತ ನಮ್ಮ ಯಜಮಾನರ ಲೆಕ್ಕ. (ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ)

ಸರಿಯಾಗಿ ನಡುವೆ ಅಲ್ಲ, ಹಿರಿಯೂರು ನಡುವಿಗಿಂತ ಸ್ವಲ್ಪ ಮುಂದೆ ಬರುತ್ತದೆ. ಅದನ್ನು ಮೊದಲ ನಿಲುಗಡೆ ಮಾಡಿಕೊಳ್ಳಬೇಡಿ. ಏಕೆಂದು ನೋಡಿ. ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಈ ಗಾತ್ರದ ಕಾರು ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಹಿರಿಯೂರು ಸುಮಾರು 160 ಕಿ.ಮೀ. ಪೂರ್ತಿ ತುಂಬಿಸಿ ಹೊರಟರೂ 23 ಯೂನಿಟ್ ಅಲ್ಲಿಗೇ ಖಾಲಿ, ಉಳಿಯುವುದು 7 ಯೂನಿಟ್. ಹಿರಿಯೂರಿನ ಚಾರ್ಜರ್ ನಿಂತಿದ್ದರೆ ಮುಂದಿನ ಊರು ಚಿತ್ರದುರ್ಗ, 40 ಕಿ.ಮೀ. ತಲುಪುತ್ತೀರಿ, ಆದರೆ ಒಂದೆರಡು ಯೂನಿಟ್ ಇಟ್ಟುಕೊಂಡು. ಅಲ್ಲೂ ಸಾಲು ಇದ್ದರೆ ಮುಗಿಯಿತು.

ಮೊದಲು ಶಿರಾದಲ್ಲಿ ನಿಲ್ಲಿಸಿ. ಸುಮಾರು 120 ಕಿ.ಮೀ. ಆಗಿರುತ್ತದೆ, ಇನ್ನೂ 13 ಯೂನಿಟ್ ಕೈಯಲ್ಲಿರುತ್ತದೆ. ಶಿರಾ ಕೈಕೊಟ್ಟರೆ ಹಿರಿಯೂರು, ಅದೂ ಕೈಕೊಟ್ಟರೆ ಚಿತ್ರದುರ್ಗ, ಎರಡೂ ನಿಮ್ಮ ಅಳತೆಯೊಳಗೇ ಇವೆ. ಶಿರಾದಲ್ಲಿ 80%ವರೆಗೆ ತುಂಬಿಸಲು 11 ಯೂನಿಟ್ ಸಾಕು. 30 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಅರ್ಧ ಗಂಟೆಯೊಳಗೆ ಆಗುತ್ತದೆ. ಆಮೇಲೆ ಚಿತ್ರದುರ್ಗದಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತು, ಹದಿನೈದು ನಿಮಿಷ ಹಾಕಿಕೊಂಡರೆ ದಾವಣಗೆರೆಗೆ ನೆಮ್ಮದಿಯಾಗಿ ಬರಬಹುದು. ಒಂದೇ ಕಡೆ 100%ವರೆಗೆ ತುಂಬಿಸುತ್ತ ಕೂರಬೇಡಿ. 80% ದಾಟಿದ ಮೇಲೆ ಬ್ಯಾಟರಿಯನ್ನು ಕಾಪಾಡಲು ಕಾರೇ ಕರೆಂಟ್ ಕಡಿಮೆ ಮಾಡುತ್ತದೆ. ಕೊನೆಯ 20%ಗೆ ಹಿಡಿಯುವ ಹೊತ್ತಿನಲ್ಲಿ ಹಿಂದೆ ಕಾದಿರುವ ಇನ್ನೊಬ್ಬರ ಅರ್ಧ ಕೆಲಸ ಆಗಿಹೋಗಿರುತ್ತದೆ. ನಮ್ಮ ಕಡೆ ಎಷ್ಟೋ ಜಾಗದಲ್ಲಿ ಇರುವುದು ಒಂದೇ ಮಷೀನ್, ಇದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿಡಬೇಕು.

ಬೋರ್ಡಿನಲ್ಲಿ 60 ಕಿಲೋವ್ಯಾಟ್ ಎಂದಿದ್ದು ಎರಡು ಗನ್ ಇದ್ದರೆ, ಇಬ್ಬರೂ ಒಟ್ಟಿಗೆ ಹಾಕಿದಾಗ ಹೆಚ್ಚಿನ ಕಡೆ ಶಕ್ತಿ ಹಂಚಿಹೋಗಿ ತಲಾ 30 ಆಗುತ್ತದೆ. ನಿಮ್ಮ ಕಾರಿನ ತೊಂದರೆಯೇನೋ ಎಂದು ಗಾಬರಿ ಬೇಡ.

ನಮ್ಮ ಸೀಮೆಗೇ ಸೇರಿದ ಎರಡು ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಅಲ್ಲಿ ಗಾಳಿ ಜೋರಾಗಿದೆ ಎಂದೇ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ. ಬೆಂಗಳೂರಿನಿಂದ ಬರುವ ಕಾರು ವಾಯವ್ಯಕ್ಕೆ ಓಡುವುದರಿಂದ ಗಾಳಿಗೆ ಎದೆಯೊಡ್ಡಿ ಬರಬೇಕು. ಆ ತಿಂಗಳುಗಳಲ್ಲಿ ಯೂನಿಟ್‌ಗೆ 7 ಬದಲು 6 ಕಿ.ಮೀ. ಎಂದೇ ಲೆಕ್ಕ ಹಾಕಿ, ವೇಗ 80 ದಾಟಿಸಬೇಡಿ. ಇನ್ನು ಬೆಂಗಳೂರು ದಾವಣಗೆರೆಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,600 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು 1.3 ಯೂನಿಟ್ ಬೇಕು. ಹೋಗುವಾಗ ಹತ್ತು ಕಿ.ಮೀ.ನಷ್ಟು ಕಡಿಮೆ ಬಂದರೆ ಕಾರಣ ಅದೇ.

ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 20 ಕಿ.ಮೀ.ಗೆ ಒಂದು ಕೇಂದ್ರ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ‘ಎರಡೂ ಬದಿ’ ಎಂದಿರುವುದು ಸುಮ್ಮನಲ್ಲ. ಆಚೆ ಬದಿಯ ಚಾರ್ಜರ್‌ಗೆ ಹೋಗಲು ಮುಂದಿನ ಅಂಡರ್‌ಪಾಸ್‌ವರೆಗೆ ಓಡಿ, ಸರ್ವಿಸ್ ರಸ್ತೆ ಹಿಡಿದು ವಾಪಸ್ ಬರಬೇಕಾದೀತು. ಚುಕ್ಕೆ ಯಾವ ಬದಿಯಲ್ಲಿದೆ ಎಂದು ನಕ್ಷೆಯನ್ನು ಹಿಗ್ಗಿಸಿ ನೋಡಿಕೊಂಡೇ ಹೊರಡಿ.

ಪ್ರಶ್ನೆ: ಕಾರಿನ ಫಾಸ್ಟ್ ಚಾರ್ಜರ್‌ಗೆ ಸ್ಕೂಟರ್ ಹಾಕಬಹುದೇ? (ಹರಿಹರ)

ಆಗುವುದಿಲ್ಲ. ಈಗಿನ ಕಾರುಗಳ ಡಿಸಿ ಗನ್ ಸಿಸಿಎಸ್-2 ಮಾದರಿಯದು, ಸ್ಕೂಟರ್‌ಗೆ ಅದು ಹೊಂದುವುದಿಲ್ಲ. ಸ್ಕೂಟರ್‌ಗಳಲ್ಲೂ ಒಂದೇ ಕನೆಕ್ಟರ್ ಇಲ್ಲ. ಏಥರ್ ರೂಪಿಸಿದ ಕನೆಕ್ಟರ್‌ಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಮಾನ್ಯತೆ ಕೊಟ್ಟಿತು, ಹೀರೋ ವಿಡಾ ಕೂಡ ಅದನ್ನೇ ಬಳಸುತ್ತದೆ. ಓಲಾದ್ದು ಬೇರೆ. ಎಲ್ಲ ಸ್ಕೂಟರ್‌ಗೂ ಆಗಿಬರುವುದು ಮೂರು ಪಿನ್ನಿನ ಮಾಮೂಲಿ ಸಾಕೆಟ್ ಒಂದೇ. ಗಾಡಿಯ ಜೊತೆ ಬಂದ ಚಾರ್ಜರ್ ಸೀಟಿನ ಕೆಳಗೆ ಇಟ್ಟುಕೊಂಡೇ ತಿರುಗಿ.

ಪ್ರಶ್ನೆ: ಮನೆಯಲ್ಲಿ ಕಾರಿನ ಚಾರ್ಜರ್ ಹಾಕಿದರೆ ಕೆಂಪು ದೀಪ ಬರುತ್ತೆ. ಅದೇ ಚಾರ್ಜರ್ ಶೋರೂಮಿನಲ್ಲಿ ಸರಿಯಾಗಿ ನಡೀತು. ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿದರೆ ಸರಿ ಹೋಗುತ್ತೆ ಅಂತಾರೆ. ಹಾಕಿಸಲೇ? (ಮೆದೇಹಳ್ಳಿ ರಸ್ತೆ, ಚಿತ್ರದುರ್ಗ)

ಖಂಡಿತ ಹಾಕಿಸಬೇಡಿ. ಆ ತುಂಡು ವೈರ್ ಪ್ರಾಣ ತೆಗೆಯಬಲ್ಲದು. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ, ಆ ತುಂಡಿನ ಮೂಲಕ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಹರಿಯುತ್ತದೆ. ಬಾಗಿಲಿಗೆ ಕೈ ಇಟ್ಟವರ ಗತಿ ಯೋಚಿಸಿ.

ಕೇಬಲ್ ನಡುವಿನ ಪೆಟ್ಟಿಗೆ ಪ್ರತಿ ಸಲವೂ ಅರ್ಥ್ ಸರಿಯಿದೆಯೇ ಎಂದು ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಕೆಂಪು ತೋರಿಸಿ ನಿಲ್ಲುತ್ತದೆ. ಚಾರ್ಜರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಮಲ್ಟಿಮೀಟರ್ ಇಟ್ಟು ಸಾಕೆಟ್ ಅಳೆಸಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230ರ ಆಸುಪಾಸು ಇರಬೇಕು, ಫೇಸ್‌ಗೂ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2–3 ವೋಲ್ಟ್‌ಗಿಂತ ಹೆಚ್ಚಿರಬಾರದು. 10, 20 ಎಂದು ತೋರಿಸಿದರೆ ಅರ್ಥಿಂಗ್ ಸತ್ತಿದೆ.

ಚಿತ್ರದುರ್ಗದಂಥ ಕಲ್ಲುನೆಲದಲ್ಲಿ ಇದು ಸಾಮಾನ್ಯ. ಮನೆ ಕಟ್ಟುವಾಗ ಎರಡಡಿ ರಾಡು ಹೊಡೆದು ಬಿಟ್ಟಿರುತ್ತಾರೆ, ಬೇಸಿಗೆಯಲ್ಲಿ ನೆಲ ಒಣಗಿದರೆ ಅದು ಇದ್ದೂ ಇಲ್ಲದಂತೆ. ಹೊಸದಾಗಿ ಗುಂಡಿ ತೋಡಿಸಿ. ಜಿಐ ಪೈಪ್ ಕನಿಷ್ಠ 2.5 ಮೀಟರ್ ಉದ್ದ, 38 ಎಂಎಂ ಒಳವ್ಯಾಸ ಇರಬೇಕು. ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ಮೇಲೆ ನೀರು ಹಾಕಲು ಆಲಿಕೆ ಬಿಟ್ಟು, ಮುಚ್ಚಳದ ತೊಟ್ಟಿ ಕಟ್ಟಿಸಿ. ಬಂಡೆ ಸಿಕ್ಕಿ ಅಷ್ಟು ಆಳ ಹೋಗಲಾಗದಿದ್ದರೆ ಒಂದರಿಂದೊಂದು ಮೂರು ಮೀಟರ್ ದೂರದಲ್ಲಿ ಎರಡು ಗುಂಡಿ ಮಾಡಿ ಒಟ್ಟಿಗೆ ಜೋಡಿಸಬಹುದು. ಫೆಬ್ರುವರಿಯಿಂದ ಮಳೆ ಬೀಳುವ ತನಕ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹಾಕಿ.

ಗುಂಡಿ ಮಾಡಿಸುವಾಗಲೇ ಸಾಕೆಟ್‌ನ ಲೈನನ್ನೂ ಬೇರೆ ಮಾಡಿಸಿ. 3.3 ಕಿಲೋವ್ಯಾಟ್ ಚಾರ್ಜರ್ ಎಂಟು ಗಂಟೆ ಬಿಡದೆ 15 ಆಂಪಿಯರ್ ಎಳೆಯುತ್ತದೆ. ಗೀಸರ್‌ನಂತೆ ಹತ್ತು ನಿಮಿಷದ ಕೆಲಸ ಅಲ್ಲ. ಮೀಟರ್ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್‌ನ ಟೈಪ್-ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಒಳ್ಳೆಯ 16 ಆಂಪಿಯರ್ ಸಾಕೆಟ್ ಹಾಕಿಸಿ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್ ಪೆಟ್ಟಿಗೆಯಾದರೆ 6 ಸ್ಕ್ವೇರ್ ಎಂಎಂ ವೈರ್, 40 ಆಂಪಿಯರ್ ಎಂಸಿಬಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ತಿಂಗಳಿಗೊಮ್ಮೆ, ಚಾರ್ಜ್ ಮುಗಿದ ಕೂಡಲೇ ಪ್ಲಗ್ ಕಿತ್ತು ಪಿನ್ ನೋಡಿ. ಹಿತ್ತಾಳೆ ಪಿನ್ ಕಂದಿ ನೀಲಿ-ಕಪ್ಪಾಗಿದ್ದರೆ, ಸಾಕೆಟ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಳಗಿನ ಹಿಡಿತ ಸಡಿಲಾಗಿ ಬಿಸಿಯಾಗುತ್ತಿದೆ ಎಂದರ್ಥ. ಅವತ್ತೇ ಸಾಕೆಟ್ ಬದಲಿಸಿ.

ಪ್ರಶ್ನೆ: ನಮಗೆ ಗೃಹಜ್ಯೋತಿ ಇದೆ, ತಿಂಗಳಿಗೆ 110 ಯೂನಿಟ್ ಬಳಕೆ. ಗಾಡಿ ಚಾರ್ಜ್ ಮಾಡಿದರೆ ಹೋಗಿಬಿಡುತ್ತಾ? (ಚನ್ನಗಿರಿ)

ಸ್ಕೂಟರ್ ಆದರೆ ಚಿಂತೆ ಇಲ್ಲ. ದಿನಕ್ಕೆ 30 ಕಿ.ಮೀ. ಓಡಿದರೂ ತಿಂಗಳಿಗೆ ಸುಮಾರು 35 ಯೂನಿಟ್. ಒಟ್ಟು 145 ಆಗುತ್ತದೆ. ನಿಮ್ಮ ಮನೆಗೆ ಗೊತ್ತುಮಾಡಿರುವ ಉಚಿತ ಪ್ರಮಾಣ ಮೀರಿದಷ್ಟು ಯೂನಿಟ್‌ಗೆ ಮಾತ್ರ ಹಣ ಕಟ್ಟಿದರಾಯಿತು. ಕಾರಿನ ಲೆಕ್ಕ ಬೇರೆ. ದಿನಕ್ಕೆ 40 ಕಿ.ಮೀ. ಎಂದರೆ ಚಾರ್ಜ್ ಮಾಡುವಾಗ ಆಗುವ ನಷ್ಟವೂ ಸೇರಿ ಆರೂವರೆ ಯೂನಿಟ್, 26 ದಿನಕ್ಕೆ ಸುಮಾರು 170. ಮನೆಯದೂ ಸೇರಿ 280 ಆಗುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ದಾರಿ ಇದೆ. ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿದೆ. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಇವಿ ಚಾರ್ಜಿಂಗ್‌ಗೆಂದೇ ಎಲ್‌ಟಿ-6(ಸಿ) ಎಂಬ ವರ್ಗವಿದೆ. ಬೇರೆ ಮೀಟರ್ ಬಂದರೆ ಕಾರಿನ ಯೂನಿಟ್‌ಗಳು ಮನೆಯ ಮೀಟರಿಗೆ ಸೇರುವುದಿಲ್ಲ. ಅದಕ್ಕೆ ಪ್ರತಿ ತಿಂಗಳ ನಿಗದಿತ ಶುಲ್ಕ ಬೇರೆ ಬರುತ್ತದೆ. ಆದ್ದರಿಂದ ಸೆಕ್ಷನ್ ಆಫೀಸಿನಲ್ಲಿ ಅಂದಾಜು ಕೇಳಿ, ನಿಮ್ಮ ಓಡಾಟಕ್ಕೆ ತಾಳೆ ಹಾಕಿ ನೋಡಿ. ದಿನಕ್ಕೆ ಹತ್ತು ಕಿ.ಮೀ. ಓಡಿಸುವವರಿಗೆ ಬೇರೆ ಮೀಟರ್ ದಂಡ.

ಪ್ರಶ್ನೆ: ಜಗಳೂರು ರಸ್ತೆಯಲ್ಲಿ ನಮ್ಮದೊಂದು ಹೋಟೆಲ್ ಇದೆ, ಮುಂದೆ ಜಾಗ ಇದೆ. ಚಾರ್ಜರ್ ಹಾಕಿಸಬೇಕು ಅಂತ ಮಕ್ಕಳ ಹಟ. ಲೈಸೆನ್ಸ್ ಬೇಕಾ? ಯಾವುದು ಹಾಕಿಸಲಿ? (ಜಗಳೂರು ತಾಲ್ಲೂಕು)

ಮಕ್ಕಳು ಒಳ್ಳೆಯ ಕೆಲಸಕ್ಕೇ ಹಟ ಹಿಡಿದಿದ್ದಾರೆ. ವಾಹನ ಚಾರ್ಜ್ ಮಾಡಿಕೊಡುವುದು ಸೇವೆ, ಅದಕ್ಕೆ ವಿದ್ಯುತ್ ಮಾರಾಟದ ಲೈಸೆನ್ಸ್ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಸರಿಯಾದ ಮೀಟರ್ ಸಂಪರ್ಕ, ಸುರಕ್ಷತೆಯ ಪರಿಶೀಲನೆ ಬೇಕೇ ಬೇಕು. ಗ್ರಾಹಕರಿಂದ ತೆಗೆದುಕೊಳ್ಳುವ ಸೇವಾ ಹಣಕ್ಕೆ 18% ಜಿಎಸ್‌ಟಿ ಅನ್ವಯಿಸುತ್ತದೆ.

ಯಾವ ಚಾರ್ಜರ್ ಎಂದು ಕಂಪನಿಯವರನ್ನು ಕೇಳುವ ಮೊದಲು ನಿಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿ. 30 ಕಿಲೋವ್ಯಾಟ್ ಡಿಸಿ ಚಾರ್ಜರ್ ಪ್ರತಿ ಫೇಸ್‌ನಿಂದ ಸುಮಾರು 45 ಆಂಪಿಯರ್ ಎಳೆಯುತ್ತದೆ, 60ರದ್ದಾದರೆ 90. ಹಳ್ಳಿ ಕಡೆ ಇರುವ ಟಿಸಿಗಳು 25, 63 ಅಥವಾ 100 ಕೆವಿಎ. 25ರ ಟಿಸಿಗೆ 30ರ ಚಾರ್ಜರ್ ಸಾಧ್ಯವೇ ಇಲ್ಲ. 63ರದ್ದರಲ್ಲಿ ಒಂದು ಚಾರ್ಜರ್ ಅರ್ಧ ಶಕ್ತಿ ತಿಂದುಹಾಕುತ್ತದೆ. ಅದೇ ಟಿಸಿಯಿಂದ ಪಂಪ್‌ಸೆಟ್‌ಗಳೂ ನಡೆಯುತ್ತಿದ್ದರೆ ವೋಲ್ಟೇಜ್ ಬಿದ್ದು ಚಾರ್ಜರ್ ತಾನೇ ನಿಲ್ಲುತ್ತದೆ, ರೈತರ ಮೋಟಾರ್ ಸುಡುತ್ತದೆ, ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ಹೊಸ ಲೈನ್ ಎಳೆಯುವ ಅಗತ್ಯ ಇಲ್ಲದಿದ್ದರೆ ಗ್ರಾಮೀಣ ಪ್ರದೇಶದಲ್ಲಿ 15 ದಿನ, ಪಟ್ಟಣಗಳಲ್ಲಿ 7 ದಿನದೊಳಗೆ ಸಂಪರ್ಕ ಕೊಡಬೇಕೆಂಬ ನಿಯಮವಿದೆ. ಹೊಸ ಟಿಸಿ ಬೇಕಾದರೆ ಖರ್ಚೂ ಕಾಲವೂ ಬೇರೆ.

ಆದ್ದರಿಂದ ನಮ್ಮ ಸಲಹೆ ನೇರವಾಗಿದೆ: ಮೊದಲ ಹಂತದಲ್ಲಿ ಮೂರು 16 ಆಂಪಿಯರ್ ಸಾಕೆಟ್, ಒಂದು 7.4 ಕಿಲೋವ್ಯಾಟ್ ಟೈಪ್-2 (ಕಾರಿನ ನಿಧಾನ ಚಾರ್ಜಿಂಗ್‌ನ ಗನ್ ಇರುವ) ಎಸಿ ಚಾರ್ಜರ್ ಹಾಕಿಸಿ. ಎಲ್ಲ ಒಟ್ಟಿಗೆ ನಡೆದರೂ ಸುಮಾರು 18 ಕಿಲೋವ್ಯಾಟ್ ಅಷ್ಟೇ. ಊಟಕ್ಕೆ ಒಂದು ಗಂಟೆ ಕೂತವರ ಕಾರಿಗೆ ಟೈಪ್-2ರಲ್ಲಿ, ಆ ವೇಗ ತೆಗೆದುಕೊಳ್ಳುವ ಕಾರಾದರೆ, ಸುಮಾರು 50 ಕಿ.ಮೀ. ಓಡುವಷ್ಟು ತುಂಬುತ್ತದೆ. ಸಾಕೆಟ್‌ನಲ್ಲಿ ಕಾರಿಗೆ 20 ಕಿ.ಮೀ., ಸ್ಕೂಟರ್‌ಗೂ ಹೆಚ್ಚುಕಡಿಮೆ ಅಷ್ಟೇ. ಜಗಳೂರಿನಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗುವವರಿಗೆ ಇದು ದೊಡ್ಡ ಆಸರೆ. ಸಣ್ಣ ಊರುಗಳಿಗೆ ಬೇಕಾಗಿರುವುದು ಕೆಟ್ಟು ನಿಂತ ಒಂದು ದೊಡ್ಡ ಮಷೀನ್ ಅಲ್ಲ, ಸದಾ ನಡೆಯುವ ಹತ್ತು ಸಾಕೆಟ್‌ಗಳು ಎಂಬುದು ನಮ್ಮ ದೃಢ ಅಭಿಪ್ರಾಯ. ಸಾಕೆಟ್ ಕೆಟ್ಟರೆ ನಿಮ್ಮೂರಿನ ಎಲೆಕ್ಟ್ರಿಷಿಯನ್ ಸಂಜೆಯೊಳಗೆ ಬದಲಿಸುತ್ತಾನೆ. ಡಿಸಿ ಚಾರ್ಜರ್‌ನ ಮಾಡ್ಯೂಲ್ ಕೆಟ್ಟರೆ ಬಿಡಿಭಾಗವೂ ತಂತ್ರಜ್ಞರೂ ದೊಡ್ಡ ಊರಿನಿಂದ ಬರಬೇಕು. ನಮ್ಮ ಕಡೆಯ ಧೂಳಿಗೆ ಅದರ ಗಾಳಿಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಒಳಗೆ ಬಿಸಿ ಏರಿ ಶಕ್ತಿ ತಾನೇ ಇಳಿಯುತ್ತದೆ. ಮುಂದೆ ಡಿಸಿ ಹಾಕಿಸಿದರೆ ನಿರ್ವಹಣೆಯ ಕರಾರಿನಲ್ಲಿ ಜಾಲರಿ ತೊಳೆಯುವ ಅವಧಿ, ದೂರು ಬಂದ ಎಷ್ಟು ಗಂಟೆಯೊಳಗೆ ಬರಬೇಕು ಎಂಬುದು, ಎರಡನ್ನೂ ಬರೆಸಿ ಸಹಿ ಮಾಡಿಸಿ.

ಜಾಗ ಗುರುತು ಮಾಡುವಾಗ ಒಂದು ಎಚ್ಚರ. ಕೆಲವು ಕಾರುಗಳಿಗೆ ಪೋರ್ಟ್ ಮುಂದೆ, ಕೆಲವಕ್ಕೆ ಹಿಂಬದಿಯ ಪಕ್ಕದಲ್ಲಿರುತ್ತದೆ. ಮುಂದಾಗಿಯೂ ಹಿಂದಾಗಿಯೂ ನಿಲ್ಲಿಸಲು ಬರುವಷ್ಟು ಜಾಗ ಬಿಡಿ. ಮಷೀನ್ ಮುಂದೆ ಗಟ್ಟಿ ಕಬ್ಬಿಣದ ಕಂಬ ನೆಡಿ. ಮೇಲೆ ತಗಡಿನ ಚಪ್ಪರ ಇರಲಿ, ಏಪ್ರಿಲ್ ಬಿಸಿಲಿಗೆ ಪರದೆ ಓದಲು ಆಗುವುದಿಲ್ಲ. ಪೆಟ್ರೋಲ್ ಗಾಡಿ ಅಲ್ಲಿ ನಿಲ್ಲಿಸದಂತೆ ನೆಲಕ್ಕೆ ಹಸಿರು ಬಳಿದು ಕನ್ನಡದಲ್ಲೇ ಬರೆಸಿ.

ಪ್ರಶ್ನೆ: ಎಲೆಕ್ಟ್ರಿಕ್ ಆಟೋ ಓಡಿಸ್ತೀನಿ. ಸಂಜೆ ಹೊತ್ತಿಗೆ ಚಾರ್ಜ್ ಸಾಲಲ್ಲ. ಮಧ್ಯಾಹ್ನ ಒಂದೂವರೆ ತಾಸು ಹಾಕಿದರೆ ಏನಾದರೂ ಪ್ರಯೋಜನ ಇದೆಯಾ ಅಣ್ಣ? (ದಾವಣಗೆರೆ)

ಇದೆ ತಮ್ಮಾ. ನಿಮ್ಮ ಆಟೋ ಬ್ಯಾಟರಿ 7ರಿಂದ 9 ಯೂನಿಟ್‌ನದು, ಚಾರ್ಜರ್ ಗಂಟೆಗೆ ಸುಮಾರು 2 ಯೂನಿಟ್ ತುಂಬುತ್ತದೆ. ಒಂದೂವರೆ ತಾಸಿಗೆ 3 ಯೂನಿಟ್, ಅಂದರೆ 35–40 ಕಿ.ಮೀ. ಸಂಜೆಯ ಬಾಡಿಗೆಗೆ ಧಾರಾಳ ಸಾಕು. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಹಾಕಬೇಡಿ, ನೆರಳಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಹಾಕಿ. ಸ್ಟ್ಯಾಂಡಿನ ಹತ್ತಿರ ಮೀಟರ್ ಇರುವ ಸಾಕೆಟ್ ಬೇಕೆಂದು ಸಂಘದವರೆಲ್ಲ ಸೇರಿ ಮಹಾನಗರ ಪಾಲಿಕೆಗೂ ಬೆಸ್ಕಾಂಗೂ ಲಿಖಿತ ಅರ್ಜಿ ಕೊಡಿ. ಎಷ್ಟು ಆಟೋ, ಯಾವ ಹೊತ್ತಿಗೆ, ಎಷ್ಟು ಸಾಕೆಟ್ ಎಂದು ಅಂಕಿ ಸಮೇತ ಬರೆಯಿರಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಪ್ರಶ್ನೆ: ಮಳೆಯಲ್ಲಿ ಚಾರ್ಜ್ ಹಾಕಬಹುದಾ? (ಹೊಳಲ್ಕೆರೆ)

ಕಾರಿನ ಗನ್, ಪೋರ್ಟ್ ಎರಡೂ ಮಳೆ ತಡೆಯುವಂತೆ ಮಾಡಿದವೇ. ಲಾಕ್ ಬಿದ್ದು, ಎರಡೂ ಕಡೆಯವು ಒಪ್ಪಿಗೆ ಕೊಟ್ಟ ಮೇಲಷ್ಟೇ ಕರೆಂಟ್ ಹರಿಯುತ್ತದೆ. ಹಾಕುವ ಮೊದಲು ಗನ್ ಬಾಯಿ ಕೆಳಗೆ ಮಾಡಿ ನೀರು ಕೊಡವಿ. ಗನ್ ನೀರಿನ ಗುಂಡಿಯಲ್ಲಿ ಬಿದ್ದಿದ್ದರೆ ಮುಟ್ಟಬೇಡಿ. ಗೋಡೆಯ ಮಾಮೂಲಿ ಮೂರು ಪಿನ್ ಸಾಕೆಟ್‌ಗೆ ಆ ರಕ್ಷಣೆ ಇಲ್ಲ. ಅದು ಸೂರಿನಡಿಯೇ ಇರಬೇಕು, ಇರಿಚಲು ಹೊಡೆಯುವ ಗೋಡೆಯಾದರೆ ಮುಚ್ಚಳವಿರುವ ಪೆಟ್ಟಿಗೆಯೊಳಗೆ ಕೂರಿಸಿ. ಗುಡುಗು ಸಿಡಿಲು ಜೋರಾಗಿದ್ದರೆ ಪ್ಲಗ್ ತೆಗೆದಿಡಿ.